ಎದುರು ಹಾಡು

ಮೊನ್ನೆ ಕುವೈತಿನ ಅಬ್ಬಾಸಿಯಾದ ನಮ್ಮ ಕಟ್ಟಡದ ಲಿಫ್ಟಿನಿಂದ ಹೊರಬಂದರೆ ಒಣಮೀನು ಹುರಿಯುವ ವಾಸನೆ. ಪಕ್ಕದ ಫ್ಲಾಟಿಗೆ ಹೊಸದಾಗಿ ಬಂದವರದು. ಹಿಂದೆ ಅಲ್ಲಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ನೆನಪಾದರು, ಬೆನ್ನಿಗೇ ಸಿಟ್ಟೂ ಬಂತು.

ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕಿದ್ದ ಅವರಿಗೆ ಐವತ್ತು ದಾಟಿದ ಮೇಲೆ ಹಾಡುವ ಹುಚ್ಚು ಹಿಡಿಯಿತು. ಅದೂ ನಾಟಿ ಗದ್ದೆಯ ತುಳು ಹಾಡು. ಮಂಗಳೂರು ಪೇಟೆಯಲ್ಲಿ ಬೆಳೆದ ಆ ಕಾಲಿಗೆ ಯಾವತ್ತಾದರೂ ಕೆಸರು ತಾಗಿತ್ತೋ ಇಲ್ಲವೋ... ಹಾಡು ಸಾಯುತ್ತಿದೆ, ಉಳಿಸಬೇಕು ಎಂದು ಸಿಕ್ಕವರಿಗೆಲ್ಲ ಭಾಷಣ. ನನ್ನ ಅಮ್ಮನಿಗೆ ಅವು ಬರುತ್ತವೆ ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ಪ್ರತಿ ಶುಕ್ರವಾರ ನಮ್ಮಲ್ಲಿ ಹಾಜರಾಗತೊಡಗಿದರು.

ಗದ್ದೆಯಲ್ಲಿ ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಪ್ರತಿ ಸಲವೂ ಅದೇ ಎದುರು ಹಾಡು ಹೇಳುತ್ತಾರೆ. ಅದು ಕಿವಿಗೆ ಬೀಳದೆ ಅಮ್ಮನಿಗೆ ಮುಂದಿನ ಸಾಲು ಹೊಳೆಯುತ್ತಲೇ ಇರಲಿಲ್ಲ. ಹಾಗಾಗಿ ಊರಿನಿಂದ ಅಮ್ಮ ಫೋನಿನಲ್ಲಿ ಸಾಲು ಎತ್ತುವುದು, ಇಲ್ಲಿಂದ ನಾನು ಎದುರು ಹಾಡುವುದು, ಅಕ್ಕ ಆರಾಮವಾಗಿ ಕೂತು ಅಮ್ಮನ ಸಾಲು ಕಲಿಯುವುದು. ಅಮ್ಮನೋ, ನನ್ನ ಕಷ್ಟಸುಖ ಕೇಳುವುದನ್ನೇ ಬಿಟ್ಟಳು. ರಜೆ ಮುಗಿಸಿ ಬರುವವರ ಕೈಯಲ್ಲಿ ಒಣಮೀನು ಕಳಿಸಿದರೆ ದೊಡ್ಡ ಕಟ್ಟು ಅವರಿಗೆ, ಸಣ್ಣದು ಹೆತ್ತ ಮಗಳಿಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ತೀರಿಹೋಗಿ ವರ್ಷ ತುಂಬುವ ಮೊದಲೇ ಊರವರ ಸಂಘದ ಕಾರ್ಯಕ್ರಮ ಬಂತು. ಅಕ್ಕ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ವೇದಿಕೆಗೆ ಬಂದರು. ನಮ್ಮೂರಲ್ಲಿ ಅದನ್ನು ಇಡುವುದು ಗಂಡಸರು. ನಗಬೇಕೆಂದುಕೊಂಡೆ. ಅಷ್ಟರಲ್ಲಿ ಸಾಲು ಎತ್ತಿದರು... ಅಮ್ಮನದೇ ಎಳೆತ, ಅಮ್ಮನದೇ ಉಸಿರು. ಚೆನ್ನಾಗಿಯೇ ಹಾಡಿದರು, ಹೊಟ್ಟೆ ಉರಿದದ್ದೂ ಅದಕ್ಕೇ.

ಸಾಲು ಮುಗಿಸಿ ನಿಲ್ಲಿಸಿದರು. ವೇದಿಕೆಯ ಎದುರಿನ ಕುರ್ಚಿಯಲ್ಲಿ ಕೂತಿದ್ದ ನನ್ನತ್ತ ಮೈಕು ಚಾಚಿದರು. ನನ್ನನ್ನು ಒಂದು ಮಾತು ಮೊದಲೇ ಕೇಳಿರಲಿಲ್ಲ. ಸಭೆಯೆಲ್ಲ ತಿರುಗಿ ನೋಡಿತು. ನಾನು ತುಟಿ ಬಿಚ್ಚಲಿಲ್ಲ. ಕೊನೆಗೆ ಕೀಬೋರ್ಡಿನವನು ಏನೋ ಬಾರಿಸಿ ಆ ಜಾಗ ತುಂಬಿಸಿದ.

ಮರುದಿನ ಬಾಗಿಲಿಗೆ ಬಂದರು. "ಎದುರು ಹಾಡ್ಲಿಕ್ಕೆ ನನ್ನ ಮಗಳೇ ಆಗ್ಬೇಕು ಅಂತ ನಿನ್ನ ಅಮ್ಮ ಹೇಳಿದ್ರು ಮಾರಾಯ್ತಿ."

"ನಿಮ್ಮ ಹತ್ರ ಹೇಳಿದ್ದಲ್ವಾ? ನನ್ನ ಹತ್ರ ಹೇಳ್ಲಿಲ್ಲ," ಎಂದು ಬಾಗಿಲು ಹಾಕಿದೆ.

ಆಮೇಲೆ ಕೆಲಸ ಬಿಟ್ಟು ಊರಿಗೆ ಹೋದರು. ಅಲ್ಲೇ ತೀರಿಕೊಂಡರು ಎಂದು ಈಚೆಗೆ ಯಾರೋ ಹೇಳಿದರು. ಸತ್ತವರ ಬಗ್ಗೆ ಒಳ್ಳೆಯದೇ ಆಡಬೇಕಂತೆ. ನನ್ನಿಂದ ಆಗುವುದಿಲ್ಲ.

ಮೊನ್ನೆ ಆ ವಾಸನೆಗೆ ಅಡುಗೆಮನೆಯಲ್ಲಿ ನಿಂತು ಹಾಡಿ ನೋಡಿದೆ. ಎದುರು ಹಾಡು ಒಂದಕ್ಷರ ತಪ್ಪದೆ ಬಂತು. ಅಷ್ಟೇ ಬಂತು... ಸಾಲು ಎತ್ತುವುದನ್ನು ಅಮ್ಮ ಅವರಿಗೆ ಕೊಟ್ಟಿದ್ದಳು. ಆ ಹೆಂಗಸು ಅದನ್ನು ಯಾರಿಗೂ ಕೊಡದೆ ಹೋದರು.