ಗಿರಣಿಯ ಇಂಜಿನ್ನು ಮತ್ತು ನನ್ನ ಕಾಲ್ಗುಣ

ನಾನು ಗಂಡನ ಮನೆಗೆ ಬಾಳಲು ಬಂದ ವಾರವೇ ನಮ್ಮ ಹಿಟ್ಟಿನ ಗಿರಣಿಯ ಇಂಜಿನ್ನು ಮುಂಜಾನೆ ಚಾಲೂ ಆಗಲು ತಕರಾರು ಮಾಡತೊಡಗಿತು. ಇವೆರಡೂ ಒಂದೇ ವಾರ ನಡೆದವು ಎಂಬುದನ್ನು ಗಮನಿಸದ ಮನುಷ್ಯ ಯಲಬುರ್ಗಾದಲ್ಲಿ ಒಬ್ಬನೂ ಉಳಿದಿರಲಿಲ್ಲ. ಇಂಜಿನ್ನಿಗೆ ಏನಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಯಾರಿಂದ ಆಗಿದೆ ಎಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಅದು ನಿಜಾಮರ ಕಾಲ. ಮೋಟಾರು ಎಂದರೆ ತಹಶೀಲ್ದಾರರು ಬಂದಾಗ ಊರಿಗೆ ಊರೇ ಓಡಿಹೋಗಿ ನೋಡುವ ವಸ್ತು. ಅಂಥದರಲ್ಲಿ ನಮ್ಮ ಮಾವನವರು ಕೊಪ್ಪಳ ಸ್ಟೇಶನ್ನಿನಿಂದ ಎರಡು ಬಂಡಿಯ ಮೇಲೆ ಕಪ್ಪು ಎಣ್ಣೆಯಲ್ಲಿ ನಡೆಯುವ ಇಂಜಿನ್ನನ್ನು ತರಿಸಿ ಗಿರಣಿ ಹಾಕಿದ್ದರು. ಅದರ ಎರಡು ಗಾಲಿಗಳು ನನ್ನ ಎದೆಯ ಎತ್ತರಕ್ಕಿದ್ದವು. ಅದನ್ನು ಎಬ್ಬಿಸುವ ಕ್ರಮವೂ ದೊಡ್ಡದು. ಮೊದಲು ಪಂಪು ಹೊಡೆಯುವ ದೀಪದ ಉರಿಯಿಂದ ಇಂಜಿನ್ನಿನ ತಲೆಯನ್ನು ಕೆಂಪಗೆ ಕಾಯಿಸಬೇಕು, ಆಮೇಲೆ ಇಬ್ಬರು ಗಂಡಸರು ಗಾಲಿ ಹಿಡಿದು ಜಗ್ಗಿ ತಿರುವಬೇಕು. ಅದು ಒಮ್ಮೆ ಡುಬ್ ಎಂದಿತೆಂದರೆ ದಿನವಿಡೀ ಡುಬು ಡುಬು ಎನ್ನುತ್ತಲೇ ಇರುತ್ತಿತ್ತು. ನಮ್ಮ ಸೀಮೆಯದೇ ಹಳ್ಳಿಯಾದ ಮಂಗಳೂರಿನಿಂದ ಜನ ಬಂಡಿಯಲ್ಲಿ ಜೋಳದ ಚೀಲ ಹೇರಿಕೊಂಡು ಬರುತ್ತಿದ್ದರು. ಊರಿನ ಹೆಂಗಸರಂತೂ ಬೆಳಗಾಗುವ ಮೊದಲೇ ಬುಟ್ಟಿ ಹೊತ್ತು ಬಂದು ಸಾಲು ಹಚ್ಚುತ್ತಿದ್ದರು. ಬೀಸುವ ಕಲ್ಲು ಮೂಲೆಗೆ ಸೇರಿದ ಮೇಲೆ ನಮ್ಮ ಇಂಜಿನ್ನು ಎದ್ದರೆ ಅವರ ಮನೆಯಲ್ಲಿ ರೊಟ್ಟಿ, ಇಲ್ಲದಿದ್ದರೆ ಗಂಡಂದಿರ ಬೈಗುಳ.

ನಮ್ಮ ಅತ್ತೆಯವರು ಇಂಜಿನ್ನನ್ನು ಮನೆಯ ಹಿರಿಯರಲ್ಲಿ ಒಬ್ಬರೆಂದೇ ತಿಳಿದಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಯಾವ ಪಾತ್ರೆಯೂ ಬರಿದಾಗಿರಬಾರದು ಎಂಬುದು ಅವರ ನಿಯಮ. ಆ ನಿಯಮ ಇಂಜಿನ್ನಿನ ಎಣ್ಣೆಯ ಟಾಕಿಗೂ ಅನ್ವಯಿಸುತ್ತಿತ್ತು. ಗೋಡೆಗೆ ಬಡಿದ ಆ ಟಾಕಿಯನ್ನು ಪ್ರತಿ ಸಂಜೆ ಕಂಠಮಟ್ಟ ತುಂಬಿಸಿ ಮುಚ್ಚಳ ಬಿಗಿಸುತ್ತಿದ್ದರು. ಮುಚ್ಚಳ ಹಿತ್ತಾಳೆಯದು, ದುಂಡಗಿನದು. ಅದರ ನಟ್ಟನಡುವೆ ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಚುಕ್ಕೆ. ಪೂಜೆಯ ಬೊಟ್ಟು ಇಲ್ಲಿಯೇ ಇಡಬೇಕೆಂದು ವಿಲಾಯತಿಯವರು ಗುರುತು ಹಾಕಿ ಕಳಿಸಿದ್ದಾರೆ ಎಂದು ಅತ್ತೆಯವರ ನಂಬಿಕೆ. ಬಿಳಿಯರಿಗೆ ಅಷ್ಟಾದರೂ ಆಚಾರ ಗೊತ್ತಿದೆಯಲ್ಲ ಎಂದು ಅವರಿಗೆ ಸಮಾಧಾನ.

ನಾನು ಬಂದ ಮೂರನೆಯ ದಿನ ಮುಂಜಾನೆ ಈ ಪೂಜೆಯನ್ನು ನನಗೆ ವಹಿಸಿದರು.

“ನೋಡವ್ವ, ಬೊಟ್ಟು ಬೀಳಬಾರದು. ಗಡಗಡ ಅಲುಗಾಡಿ ಕುಂಕುಮ ಉದುರಿ ಹೋಗತೈತಿ. ಬರೀ ಹಣಿ ಇಟ್ಟುಗೊಂಡು ದಿನವೆಲ್ಲಾ ದುಡಿತೈತಿ ಪಾಪ,” ಎಂದರು.

ಹೊಸ ಸೊಸೆ. ಜಾಣೆ ಎನಿಸಿಕೊಳ್ಳುವ ಚಪಲ ಬೇರೆ. ಆಗೆಲ್ಲ ನಾವು ಹೆಂಗಸರು ಹಣೆಗೆ ಮೊದಲು ಜೇನುಮೇಣ ತೀಡಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದೆವು. ಬೆವರಿಗೂ ಅದು ಜಗ್ಗುತ್ತಿರಲಿಲ್ಲ. ನನಗೆ ಉಳಿಯುವ ಬೊಟ್ಟು ಇಂಜಿನ್ನಿಗೇಕೆ ಉಳಿಯಬಾರದು? ನನ್ನ ಕರಡಿಗೆಯ ಮೇಣವನ್ನು ಆ ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಮೇಲೆ ಕುಂಕುಮ ಇಟ್ಟೆ. ಅತ್ತೆಯವರು ಬೆರಳಿನಿಂದ ಮುಟ್ಟಿ ನೋಡಿ ತಲೆದೂಗಿದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಆಮೇಲೆ ಗಾಲಿ ತಿರುವಿದರು. ಇಂಜಿನ್ನು ಹತ್ತು ಹದಿನೈದು ಸಲ ಡುಬ್ ಎಂದು ಉಸಿರು ಕಟ್ಟಿದಂತೆ ನಿಂತುಬಿಟ್ಟಿತು. ಮತ್ತೆ ಕಾಯಿಸಿದರು, ಮತ್ತೆ ತಿರುವಿದರು. ಈಗ ಎರಡೇ ಡುಬ್.

ಇಂಜಿನ್ನು ನಡೆಸಲು ಒಬ್ಬ ಮೇಸ್ತ್ರಿ ಇದ್ದರು. ಗದಗಿನ ಅರಳೆ ಕಾರ್ಖಾನೆಯಲ್ಲಿ ಕೆಲಸ ಕಲಿತವರು, ಬಿಳಿ ಗಡ್ಡದ ಸಾಬರು. ಇಂಜಿನ್ನಿಗೆ ಕಿವಿಗೊಟ್ಟು ರೋಗ ಹೇಳುವುದರಲ್ಲಿ ಎತ್ತಿದ ಕೈ. ಅವರು ಮೊದಲ ದಿನ ಹೇಳಿದ್ದು: “ಥಂಡಿ ರೀ ಸಾವಕಾರ್ರ. ಮನಿಷ್ಯಾರ ಏಳವಲ್ರು, ಇದೇನು ಏಳತೈತಿ?” ಅಂದಿನಿಂದ ದೀಪದ ಉರಿ ಎರಡರಷ್ಟಾಯಿತು. ಎರಡನೆಯ ದಿನ ಎಣ್ಣೆಯಲ್ಲಿ ನೀರು ಸೇರಿದೆ ಎಂದರು. ಟಾಕಿಯ ಎಣ್ಣೆಯನ್ನೆಲ್ಲ ಇಳಿಸಿ, ಮಾವನವರ ಹಳೆಯ ಧೋತರದಲ್ಲಿ ಸೋಸಿದರು. ನೀರು ಬರಲಿಲ್ಲ, ಧೋತರ ಮಾತ್ರ ಹೋಯಿತು. ನಾಲ್ಕನೆಯ ದಿನ, ಟಾಕಿಯ ನಳಿಗೆ ಕೆಳಗೆ ಬಂದು ಸೇರುವ ಪಂಪಿನ ತಿರುಪು ಬಿಚ್ಚಿ ನೋಡಿದರೆ ಎಣ್ಣೆ ಹನಿಹನಿಯಾಗಿ ಬಂದು ನಿಂತಿತು. “ನಳಿಗಿಯೊಳಗ ಕಸ ಸಿಕ್ಕೈತ್ರಿ!” ಎಂದು ಟಾಕಿಯ ಮುಚ್ಚಳವನ್ನು ಎಣ್ಣೆಗೈಯಲ್ಲಿ ತಿರುಗಿಸಿ ತೆಗೆದು, ಒಳಗೆ ಉದ್ದನೆಯ ಕಡ್ಡಿ ಆಡಿಸಿದರು. ಎಣ್ಣೆ ಧಾರೆಯಾಗಿ ಹರಿಯಿತು. ಗಾಲಿ ತಿರುವಿದ ಕೂಡಲೇ ಇಂಜಿನ್ನು ಎದ್ದು ಸಂಜೆಯ ತನಕ ದುಡಿಯಿತು. ಮೇಸ್ತ್ರಿಗಳು ಎರಡು ಲೋಟ ಚಹಾ ಕುಡಿದರು.

ಆದರೆ ಕಡ್ಡಿ ಆಡಿಸುವುದು ದಿನದ ಕೆಲಸವಾಯಿತು. ದಿನವೂ ಕಾಯಿಸುವುದು, ತಿರುವುವುದು, ಥಂಡಿಯನ್ನು ಬೈಯುವುದು, ಆಮೇಲೆ ಮುಚ್ಚಳ ತೆಗೆದು ಕಡ್ಡಿ. ಅಷ್ಟರಲ್ಲಿ ಬಿಸಿಲೇರುತ್ತಿತ್ತು. ಮೇಸ್ತ್ರಿಗಳ ಎಣ್ಣೆಗೈಗೆ ನನ್ನ ಬೊಟ್ಟು ಮೇಣದ ಸಮೇತ ಅಳಿಸಿಹೋಗುವುದನ್ನು ನೋಡಿ ನಾನು ಒಳಗೊಳಗೇ ಕುದಿಯುತ್ತಿದ್ದೆ. ಬೊಟ್ಟು ಅಳಿಸಿದ್ದಕ್ಕೇ ಹೀಗಾಗುತ್ತಿರಬೇಕು ಎಂದು ಮರುದಿನ ಇನ್ನಷ್ಟು ಮೇಣ ಒತ್ತುತ್ತಿದ್ದೆ. ಅತ್ತೆಯವರು ಮಂಗಳವಾರ, ಶುಕ್ರವಾರ ಗಾಲಿಗೊಂದರಂತೆ ತೆಂಗಿನಕಾಯಿ ಒಡೆಯತೊಡಗಿದರು. ಭಕ್ತಿ ಹೆಚ್ಚಿದಷ್ಟೂ ಇಂಜಿನ್ನು ಹಟ ಹಿಡಿಯಿತು.

ಸಾಲಿನಲ್ಲಿ ಕುಳಿತ ಹೆಂಗಸರಿಗೆ ಕೈಯಲ್ಲಿ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ.

“ಎರಡು ವರ್ಷ ಛಲೋ ಇತ್ತಲ್ಲಬೇ? ಈಗೇನಾತು?”

“ಈಗ ಸೊಸಿ ಬಂದಾಳಲ್ಲ. ಕಾಲ್ಗುಣ ಅಂದ್ರ ಏನಂತ ತಿಳದಿ?”

ನಾನು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳುತ್ತಿದ್ದೆ. ಹೊಸ ಸೊಸೆ ಬಾಗಿಲ ಹಿಂದೆಯೇ ನಿಲ್ಲಬೇಕಾದ್ದರಿಂದ ಕೇಳಿಸಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ. ಮೊದಮೊದಲು ಅಳು ಬಂತು. ಆಮೇಲೆ ರಾತ್ರಿ ಹಾಸಿಗೆಯಲ್ಲಿ ನನ್ನ ಪಾದಗಳನ್ನು ನಾನೇ ಮುಟ್ಟಿ ನೋಡಿಕೊಂಡೆ. ನಮ್ಮವರನ್ನು ಕೇಳಿದರೆ, “ಹಂಗೇನಿಲ್ಲ ಬಿಡು,” ಎಂದು ಮಗ್ಗಲು ಬದಲಿಸಿದರು. ಅವರು ತಮ್ಮ ಅಪ್ಪನ ಎದುರು ಬಾಯಿ ತೆರೆಯುತ್ತಿದ್ದುದು ಆಕಳಿಸಲು ಮಾತ್ರ.

ತಿಂಗಳು ಕಳೆಯುವುದರೊಳಗೆ ಮಾವನವರು ತೀರ್ಮಾನಕ್ಕೆ ಬಂದರು. ತಾವರಗೇರಾದ ನಮ್ಮ ಅಪ್ಪನಿಗೆ ಹೇಳಿ ಕಳಿಸಿದರು: ಬಂಡಿ ತರಬೇಕು, ಮಗಳನ್ನು ಕರೆದುಕೊಂಡು ಹೋಗಬೇಕು, ಕರೆಯುವ ತನಕ ಅಲ್ಲಿಯೇ ಇಟ್ಟುಕೊಳ್ಳಬೇಕು. ಕರೆಯುವ ತನಕ ಎಂದರೇನೆಂದು ನನಗೆ ತಿಳಿಯದೆ ಇರಲಿಲ್ಲ. ನಮ್ಮ ಓಣಿಯಲ್ಲಿಯೇ ಹಾಗೆ ತವರಿಗೆ ಬಂದವಳೊಬ್ಬಳು ತಲೆ ನರೆತರೂ ಕರೆ ಬರಲೆಂದು ಕಾಯುತ್ತಿದ್ದಳು.

ಹೇಳಿ ಕಳಿಸಿದ ಮರುದಿನ ಮೇಸ್ತ್ರಿಗಳು ಮುಚ್ಚಳ ತಿರುಗಿಸುವಾಗ ನಾನು ಪೂಜೆಯ ತಟ್ಟೆ ಹಿಡಿದು ಹತ್ತಿರದಲ್ಲೇ ಇದ್ದೆ. ಮುಚ್ಚಳ ಸಡಿಲಾಗುತ್ತಲೇ ಸುಂಯ್ ಎಂದು ಸಣ್ಣ ಸದ್ದಾಯಿತು. ಟಾಕಿ ಉಸಿರು ಎಳೆದುಕೊಂಡಿತು. ಕಡ್ಡಿ ಒಳಗೆ ಹೋಗುವ ಮೊದಲೇ ಕೆಳಗಿನ ತಿರುಪಿನಿಂದ ಎಣ್ಣೆ ಹರಿಯತೊಡಗಿದ್ದನ್ನು ನಾನು ಕಣ್ಣಾರೆ ಕಂಡೆ.

ನನ್ನ ಅಪ್ಪನದು ಕಿರಾಣಿ ಅಂಗಡಿ. ಎಣ್ಣೆಯ ಡಬ್ಬಿ ಒಡೆಯುವಾಗ ಅಪ್ಪ ಮೊಳೆಯಿಂದ ಎರಡು ತೂತು ಹಾಕುತ್ತಿದ್ದ: ಒಂದು ಎಣ್ಣೆ ಹೊರಗೆ ಬರಲು, ಇನ್ನೊಂದು ಗಾಳಿ ಒಳಗೆ ಹೋಗಲು. ಎರಡನೆಯದು ಇಲ್ಲದಿದ್ದರೆ ಡಬ್ಬಿ ಬೋರಲು ಹಾಕಿದರೂ ಎಣ್ಣೆ ಬೀಳುವುದಿಲ್ಲ. ಆ ಚುಕ್ಕೆ ಗುರುತಲ್ಲ, ತೂತು. ಹೆಚ್ಚುಕಡಿಮೆ ಒಂದು ತಿಂಗಳು ನಾನು ಅದರ ಬಾಯಿಗೆ ಮೇಣ ಬಡಿದಿದ್ದೆ.

ಮರುದಿನ ಬೊಟ್ಟನ್ನು ಚುಕ್ಕೆ ಬಿಟ್ಟು ಮುಚ್ಚಳದ ಅಂಚಿಗೆ ಇಟ್ಟೆ. ಮೊದಲ ಸುತ್ತಿಗೇ ಇಂಜಿನ್ನು ಎದ್ದಿತು. ನಿಲ್ಲಲೂ ಇಲ್ಲ. ನನಗೆ ಕುಣಿಯಬೇಕೆನಿಸಿತು. ಮೇಸ್ತ್ರಿಗಳು ತಾವು ಸೋಸಿದ ಎಣ್ಣೆಯ ಗುಣ ಎಂದರು, ಅತ್ತೆಯವರು ತೆಂಗಿನಕಾಯಿಯ ಗುಣ ಎಂದರು. ಮಾವನವರು ಮಾತ್ರ ಮೀಸೆ ನೇವರಿಸಿಕೊಂಡು ಹೇಳಿದರು:

“ಬೀಗರಿಗೆ ಹೇಳಿ ಕಳಿಸಿದ್ದಕ್ಕ ಆತು ನೋಡ್ರಿ. ಆಕಿ ಹೊಂಟಾಳಂತ ತಿಳದಕೂಡ್ಲೆ ಇಂಜಿನ್ ಸುದ್ದ ಆತು.”

ನಾನು ಕಂಡುಹಿಡಿದ ಔಷಧಿ ನನ್ನ ವಿರುದ್ಧವೇ ಸಾಕ್ಷಿಯಾಯಿತು.

ಅಂದು ಮಧ್ಯಾಹ್ನ ಅಪ್ಪ ಬಂಡಿ ಕಟ್ಟಿಕೊಂಡು ಬಂದ. ಬಂಡಿಯಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನೆ ಹಾಸಿದ್ದ, ಕಾಯಿಲೆಯವರನ್ನು ಒಯ್ಯುವ ಹಾಗೆ. ಹಿತ್ತಲಲ್ಲಿ ಒಬ್ಬನೇ ಸಿಕ್ಕಾಗ ಎಲ್ಲವನ್ನೂ ಹೇಳಿದೆ. ಅಪ್ಪನಿಗೆ ಅರ್ಧ ಮಾತಿಗೇ ತಿಳಿಯಿತು. ಡಬ್ಬಿ ಒಡೆದ ಕೈ ಅಲ್ಲವೇ. ಆದರೆ ಮುಖ ಅರಳುವ ಬದಲು ಇನ್ನಷ್ಟು ಬಾಡಿತು.

“ಯವ್ವಾ, ಇದನ್ನ ಯಾರ ಮುಂದೂ ಹೇಳಬ್ಯಾಡ. ಕಾಲ್ಗುಣ ಅಂದ್ರ ದೇವರು ಬರೆದಿದ್ದು, ಯಾರ ತಪ್ಪೂ ಅಲ್ಲ. ಕೈಲೆ ಮಾಡಿದ್ದು ಅಂದ್ರ ತವರಮನಿಯಾವ್ರು ಏನೂ ಕಲಿಸಿಲ್ಲ ಅಂತಾರ. ನಡಿ, ನಾಕ ತಿಂಗಳು ಮನ್ಯಾಗ ಇರು. ತಣ್ಣಗ ಆಕ್ಕೈತಿ.”

ನನಗೆ ಬಂದ ಸಿಟ್ಟು ಇಂದಿಗೂ ನೆನಪಿದೆ. ಒಂದು ತಿಂಗಳ ಕಾಲ ಊರೆಲ್ಲ ಬೈದಾಗ ಬಂದದ್ದು ಅಳು. ಅಪ್ಪ ಸಮಾಧಾನ ಹೇಳಿದಾಗ ಬಂದದ್ದು ಸಿಟ್ಟು. ಅಪ್ಪನ ಮರ್ಯಾದೆ ಉಳಿಯಲು ನಾನು ಅಪಶಕುನವಾಗಿ ಬಾಳಬೇಕಿತ್ತು.

ಮರುದಿನ ಮುಂಜಾನೆ ನನ್ನ ಗಂಟು ಬಂಡಿಗೇರಿದ ಮೇಲೆ ನಾನು ಸೆರಗು ಹೊದ್ದು ನೆಟ್ಟಗೆ ಗಿರಣಿಯೊಳಗೆ ನಡೆದೆ. ಹೆಂಗಸರ ಸಾಲು ಬಾಯಿ ಬಿಟ್ಟಿತು. ಮಾವನವರ ಎದುರು ಸೊಸೆ ಬಂದು ನಿಲ್ಲುವುದೆಂದರೆ ಆ ಕಾಲಕ್ಕೆ ಇಂಜಿನ್ನು ಮಾತಾಡಿದಂತೆಯೇ. ಅವರಿಗೆ ನೇರವಾಗಿ ಹೇಳುವ ಹಾಗಿಲ್ಲವಲ್ಲ, ಅತ್ತೆಯವರ ಕಡೆ ತಿರುಗಿ ಹೇಳಿದೆ:

“ಅತ್ತಿ, ಇಂಜಿನ್ ನಡಿಯಾಕತ್ತೈತಿ, ನೋಡ್ರಿ. ಈಗ ನಾ ಬೊಟ್ಟು ಇಡತೇನಿ. ನಿಲ್ಲತೈತಿ.”

ಮೇಣ ಒತ್ತಿ ಕುಂಕುಮ ಇಟ್ಟೆ. ಡುಬು ಡುಬು ಎನ್ನುತ್ತಿದ್ದ ಇಂಜಿನ್ನು ಸ್ವಲ್ಪ ಹೊತ್ತಿಗೆ ತಡವರಿಸಿತು, ಕೆಮ್ಮಿತು, ನಿಂತಿತು. ಯಾರೋ “ಯವ್ವೀ” ಎಂದು ಬುಟ್ಟಿ ಹಿಂದಕ್ಕೆ ಎಳೆದುಕೊಂಡರು. ನಾನು ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ತೂತಿಗೆ ಚುಚ್ಚಿದೆ. ಸುಂಯ್. “ಈಗ ತಿರುವ್ರಿ,” ಎಂದೆ. ನಮ್ಮವರೇ ಮುಂದೆ ಬಂದು ಗಾಲಿಗೆ ಕೈ ಹಚ್ಚಿದರು, ಹಮಾಲನೊಬ್ಬ ಜೊತೆಗೂಡಿದ. ಇಂಜಿನ್ನು ಎದ್ದಿತು.

“ಯಾ ಅಲ್ಲಾ! ಮುಚ್ಚಳಕ್ಕ ಹವಾದ ತೂತು ಇರತೈತಿ ಅಂತ ಗದಗಿನಾಗ ಉಸ್ತಾದ್ರು ಹೇಳಿದ್ರು,” ಎಂದು ಮೇಸ್ತ್ರಿಗಳು ಹಣೆ ಬಡಿದುಕೊಂಡರು. ಆ ಗಿರಣಿಯಲ್ಲಿ ತಪ್ಪೊಪ್ಪಿಕೊಂಡ ಗಂಡಸು ಅವರೊಬ್ಬರೇ.

ಅತ್ತೆಯವರು ಆ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ, “ಅಂದ್ರ ನಿನ್ನಿಂದನ ಆಗಿದ್ದು ಅನ್ನೋದು ಖರೇ ಆತಲ್ಲ,” ಎಂದರು. ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ತಾವು ಒಂದು ತಿಂಗಳಿನಿಂದ ಆಡಿದ ಮಾತು ಸುಳ್ಳಾಗಲಿಲ್ಲವಲ್ಲ ಎಂಬ ತೃಪ್ತಿ ಎಲ್ಲರ ಮುಖದಲ್ಲೂ ಇತ್ತು. ಮಾವನವರು ನನ್ನತ್ತ ನೋಡದೆ ಗೋಡೆಗೆ ಹೇಳಿದರು: “ನಾಳಿಂದ ಬೊಟ್ಟು ಗಾಲಿಗೆ ಇಡಾಕ ಹೇಳು.” ನಾಳೆಯೂ ನಾನು ಅಲ್ಲಿ ಇರುತ್ತೇನೆ ಎಂಬುದು ನನಗೆ ತಿಳಿದದ್ದು ಹೀಗೆ. ಕ್ಷಮೆ, ಪಶ್ಚಾತ್ತಾಪ ಎಂಬವೆಲ್ಲ ಆ ಒಂದು ಮಾತಿನಲ್ಲೇ ಅಡಗಿದ್ದವು ಎಂದು ತಿಳಿಯುವಷ್ಟು ಉದಾರ ಮನಸ್ಸು ನನಗೆ ಇಂದಿಗೂ ಬಂದಿಲ್ಲ.

ನನ್ನ ಗಂಟು ಬಂಡಿಯಿಂದ ಕೆಳಗಿಳಿಯಿತು. ಬೀಗರು ಬಿಡದೆ ಉಪಚಾರ ಮಾಡಿದರು. ಅಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ. ಹೊರಡುವಾಗ ನಾನು ಬಂಡಿಯ ತನಕ ಹೋದೆ. ಅಪ್ಪನ ಕಣ್ಣು ತುಂಬಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ:

“ಭಾಳ ಛಲೋ ಆತವ್ವ. ನನ್ನ ಮಗಳ ಕಾಲ್ಗುಣ ಕೆಟ್ಟಿಲ್ಲ ಅಂತ ಆತು. ಒಂದು ತಿಂಗಳಿಂದ ನಿದ್ದಿ ಇರಲಿಲ್ಲ.”

“ಯಪ್ಪಾ, ಕೆಟ್ಟೈತಿ ಅಂತ ನೀನೂ ತಿಳದಿದ್ದೇನು?”

ಅಪ್ಪ ಎತ್ತಿನ ಕೊರಳ ಹಗ್ಗ ಬಿಗಿ ಮಾಡುತ್ತ ನಿಂತ. ಅದು ಆಗಲೇ ಬಿಗಿಯಾಗಿತ್ತು.