ನಮ್ಮೂರಲ್ಲಿ ನಿಲ್ಲದ ಗಾಡಿ

ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಂಚದ ಕೆಳಗೊಂದು ಊರಿದೆ. ಪ್ಲೈವುಡ್ ಹಲಗೆಯ ಮೇಲೆ ನಾನೇ ಕಟ್ಟಿದ, ಕರಾವಳಿಯ ನಮ್ಮೂರಿನ ಸ್ಟೇಷನ್ನು. ಭಾನುವಾರ ಅದನ್ನು ಹೊರಗೆಳೆದರೆ ಆಟದ ರೈಲಿನ ಹುಚ್ಚಿರುವ ಗೆಳೆಯರು ಸುತ್ತ ಕೂರುತ್ತಾರೆ.

ದೆಹಲಿಯ ಗಾಡಿ ನಮ್ಮೂರಲ್ಲಿ ನಿಲ್ಲುವುದಿಲ್ಲ. ಹಲಗೆಯ ಮೇಲೂ ನಿಲ್ಲಬಾರದೆಂದು ನನ್ನ ಹಟ. ಮಗಳು ನಿಲ್ಲಿಸಿದಾಗಲೆಲ್ಲ ಗದರುತ್ತಿದ್ದೆ.

ಮೊನ್ನೆ ಭಾನುವಾರ ಅವಳಿಗೂ ಸಿಟ್ಟು ಬಂತು. "ಪಪ್ಪಾ, ರುಕ್‌ನಾ ಹೀ ನಹೀಂ ಹೈ ತೋ, ಗಾಡಿ ನಿಲ್ಲೋದೇ ಇಲ್ಲ ಅಂದ್ರೆ, ಈ ಆಂಟಿ ಯಾಕೆ ನಿಂತಿರೋದು?"

ಪ್ಲಾಟ್‌ಫಾರ್ಮಿನ ಮೇಲೆ ಹಸಿರು ಸೀರೆಯ, ಉಗುರಿನಷ್ಟು ಚಿಕ್ಕ ಗೊಂಬೆ.

"ಅದು ನಿನ್ನ ಅಜ್ಜಿ," ಎಂದೆ.

ರಜೆ ಮುಗಿಸಿ ನಾನು ಮಂಗಳೂರಿನಲ್ಲಿ ಗಾಡಿ ಹತ್ತಿದರೆ, ಅದು ನಮ್ಮೂರು ದಾಟುವಾಗ ಬಾಗಿಲಲ್ಲಿ ನಿಂತ ನನ್ನನ್ನು ನೋಡಲೆಂದೇ ಅಮ್ಮ ಸ್ಟೇಷನ್ನಿಗೆ ಬರುತ್ತಿದ್ದಳು. ಕೈ ಬೀಸುವಷ್ಟರಲ್ಲಿ ಮರೆಯಾಗುತ್ತಿದ್ದಳು. ಈಗ ಅವಳಿಲ್ಲ.

ಗೆಳೆಯರಲ್ಲೊಬ್ಬರು ರೈಲ್ವೆಯ ನಿವೃತ್ತ ಗಾರ್ಡ್. ನಿಯಮದ ವಿಷಯದಲ್ಲಿ ನನಗಿಂತ ಬಿಗಿ. ಅವರು ಕೈಚಾಚಿ ಪುಟ್ಟ ಸಿಗ್ನಲ್ಲನ್ನು ಕೆಂಪು ಮಾಡಿದರು.

"ಕೆಂಪು ಬಿದ್ರೆ ಯಾವ ಗಾಡಿ ಆದ್ರೂ ನಿಲ್ಲಲೇಬೇಕಲ್ಲ?" ಎಂದರು.

ಮಗಳು ಗಾಡಿಯನ್ನು ಅಜ್ಜಿಯ ಎದುರಿಗೇ ನಿಲ್ಲಿಸಿದಳು. ಹಸಿರು ಕೊಡಿ ಎಂದು ನಾನು ಕೇಳಲಿಲ್ಲ.