ಹೆಸರಿಲ್ಲದವಳ ಎಡೆ

ಮಹಾಲಯ ಅಮಾವಾಸ್ಯೆಯ ದಿನ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ, ಸಾಲಿನಿಂದ ಸ್ವಲ್ಪ ಸರಿದು, ಅಡುಗೆಮನೆಯ ಹೊಸ್ತಿಲ ಪಕ್ಕ ಒಂದು ಬಾಳೆಲೆ ಬೇರೆಯಾಗಿ ಬೀಳುತ್ತಿತ್ತು. ಅಜ್ಜನ ಎಡೆಗೆ ಪಂಚೆ, ಅಜ್ಜಿಯ ಎಡೆಗೆ ಸೀರೆ, ಅಪ್ಪ ಹೋದ ಮೇಲೆ ಅಪ್ಪನ ಎಡೆಗೆ ಅವರ ಕನ್ನಡಕ. ಈ ಒಂದು ಎಲೆಯ ಮುಂದೆ ಮಾತ್ರ ಹಸಿರು ಕುಪ್ಪಸದ ಕಣ ಮತ್ತು ಗಾಜಿನ ಬಳೆ. ಲೋಬಾನದ ಹೊಗೆಯಲ್ಲಿ ಅಮ್ಮ ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದಳು. ಈ ಎಲೆಯ ಹತ್ತಿರ ಬಂದಾಗ ಅವಳ ದನಿ ತಡವರಿಸುತ್ತಿತ್ತು. "ನೀನೂ ಬಾರವ್ವ" ಅಂದು ಮುಗಿಸಿಬಿಡುತ್ತಿದ್ದಳು.

ಆಮೇಲೆ ನಾವೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಳ್ಳಬೇಕು. ಒಳಗೆ ಹಿರಿಯರು ಉಣ್ಣುತ್ತಾರೆ. ಚಿಕ್ಕವಳಿದ್ದಾಗ ನಾನು ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆ. ಅಜ್ಜ ಅಜ್ಜಿಯರ ಸದ್ದು ನನಗೆ ಬೇಕಿರಲಿಲ್ಲ. ಆ ಪಕ್ಕದ ಎಲೆಗೆ ಬರುವವಳು ನನ್ನಷ್ಟೇ ಎತ್ತರದ ಹುಡುಗಿ ಎಂದುಕೊಂಡಿದ್ದೆ. ಹಿತ್ತಿಲ ಬಾಗಿಲಿಂದ ಒದ್ದೆ ಕಾಲಲ್ಲಿ ಬರುತ್ತಾಳೆ, ಬಳೆ ಏರಿಸಿಕೊಳ್ಳುತ್ತಾಳೆ, ಕರಿಗಡುಬನ್ನು ಮೊದಲು ತಿನ್ನುತ್ತಾಳೆ. ಎಷ್ಟೋ ಸಲ ಬಳೆಯ ಸದ್ದು ಕೇಳಿದೆ ಎಂದು ಆಣೆ ಮಾಡಿ ಹೇಳಿ ಅಮ್ಮನ ಕೈಲಿ ಬೈಸಿಕೊಂಡಿದ್ದೇನೆ.

ಅವಳು ಯಾರೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅಜ್ಜಿ ಹೇಳಿದ್ದಿಷ್ಟೇ: ಅಜ್ಜನ ಚಿಕ್ಕಪ್ಪನ ಮಗಳು, ಸಣ್ಣ ವಯಸ್ಸಿಗೇ ಹೋದಳು, ಆ ಚಿಕ್ಕಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಎಡೆ ನಮ್ಮ ಪಾಲಿಗೆ ಬಂತು. ಹೆಸರು ಕೇಳಿದರೆ ಅಜ್ಜಿ ಮಾತು ತೇಲಿಸಿದರಂತೆ. ಕಣ, ಬಳೆ ಎಲ್ಲ ಅಮ್ಮನೇ ಸೇರಿಸಿದ್ದು. ಸಣ್ಣ ಹುಡುಗಿ ಬರಿಗೈಲಿ ಹೋಗಬಾರದು ಎಂದು.

ಅಮ್ಮನಿಗೆ ಮಂಡಿನೋವು ಶುರುವಾಗಿ ಕೂತು ಏಳುವುದು ಕಷ್ಟವಾಯಿತು. ಎಡೆ ಇಡುವ ಕೆಲಸವನ್ನು ನನ್ನ ತಮ್ಮನ ಹೆಂಡತಿಗೆ ವಹಿಸಲು ಹೋದಳು. ಆ ಹುಡುಗಿ ಸಹಜವಾಗಿ ಕೇಳಿದಳು, "ಇವರ್ನ ಹೆಸರೇನಂತ ಕರೀಲಿ ಅತ್ತೆ?" ಆ ಪ್ರಶ್ನೆ ಅಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತು. ಊಟ ಮಾಡುತ್ತಾ ಮಾಡುತ್ತಾ ಕೈ ನಿಲ್ಲಿಸುತ್ತಿದ್ದಳು.

"ಹೆಸರಿಲ್ದೆ ಕರೆದ್ರೆ ಯಾರು ಬರ್ತಾರೆ ಹೇಳು? ಇಷ್ಟು ವರ್ಷ ಆ ಹುಡುಗಿ ಬಾಗಿಲ ಹೊರಗೇ ನಿಂತಿದ್ದು ಹಸಕಂಡು ಹೋಗಿದ್ರೆ?"

ನಾನು ಎಂ.ಸಿ.ಸಿ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂರುವವಳು. ಹಲ್ಲುನೋವಿನವರನ್ನು ಸರದಿಯಂತೆ ಕೂಗುವುದು ನನ್ನ ಕೆಲಸ. "ದಿನಾ ಊರೋರ್ನೆಲ್ಲ ಹೆಸರು ಹಿಡಿದು ಕರೀತೀಯ, ನಮ್ಮನೇದು ಒಂದು ಹೆಸರು ಹುಡುಕಿಕೊಡಾಕೆ ಆಗಲ್ವಾ?" ಎಂದು ಅಮ್ಮ ಚುಚ್ಚಿದಳು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಕೆಲಸಕ್ಕೂ ಹಚ್ಚುತ್ತದೆ. ಹೊಲದ ಭಾಗವಾದಾಗ ಮಾಡಿಸಿದ್ದ ವಂಶವೃಕ್ಷವನ್ನು ಟ್ರಂಕಿನಿಂದ ತೆಗೆದೆ. ಅದರಲ್ಲಿ ಮೇಲಿಂದ ಕೆಳಗಿನವರೆಗೆ ಗಂಡಸರೇ. ಗಂಡಸರು ಗಂಡಸರನ್ನೇ ಹೆತ್ತುಕೊಂಡು ಬಂದ ಹಾಗಿತ್ತು. ಮಡಚಿ ಒಳಗಿಟ್ಟೆ.

ಉಳಿದವನು ಹೆಳವ. ನಮ್ಮ ಸೀಮೆಯ ಮನೆತನಗಳ ಪೀಳಿಗೆಗಳನ್ನು ಬಾಯಲ್ಲಿಟ್ಟುಕೊಂಡು, ಕೆಲವು ವರ್ಷಗಳಿಗೊಮ್ಮೆ ಮನೆಗೆ ಬಂದು ಹಾಡಿ ಹೇಳಿ, ಜೋಳ, ಬಟ್ಟೆ ಪಡೆದು ಹೋಗುವವರು ಹೆಳವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ನಮ್ಮ ಹೆಳವ ಆ ಬೇಸಿಗೆ ಬೈಕಿನಲ್ಲಿ ಬಂದ, ಹೆಗಲಿಗೆ ಗಂಟೆ ಮಾತ್ರ ಇತ್ತು. ಕಟ್ಟೆಯ ಮೇಲೆ ಕೂತು ಗಂಟೆ ಅಲ್ಲಾಡಿಸಿ ಶುರು ಮಾಡಿದ. ಮಧ್ಯಾಹ್ನದ ಬಿಸಿಲು, ಬೇವಿನ ನೆರಳು, ಅವನ ದನಿಯ ಏರಿಳಿತ ಎಲ್ಲ ಸೇರಿ ನನ್ನ ರೆಪ್ಪೆ ಭಾರವಾಗುತ್ತಿತ್ತು. ನಾನು ಕಾಣದ ಎಷ್ಟೋ ಜನ ಅಂಗಳದಲ್ಲಿ ಬಂದು ನಿಂತು ಹೋಗುತ್ತಿದ್ದರು. ಅಜ್ಜನ ಚಿಕ್ಕಪ್ಪ ಬಂದ. ಅಲ್ಲಿ ಹೆಳವ ಒಂದು ಉಸಿರು ನಿಲ್ಲಿಸಿ, ಗಂಟೆ ಬಡಿದು, ಮುಂದಿನವನಿಗೆ ಹೋದ.

ಅಮ್ಮ ಕೂಡಲೇ ಹಿಡಿದಳು. "ಅಲ್ಲೇನೋ ಬಿಟ್ರಿ ನೀವು."

ಹೆಳವ ನಕ್ಕ. "ಹೌದ್ರಿ ಯವ್ವ, ಅಲ್ಲಿ ಒಂದು ಸಾಲು ಬಿಡ್ತೀವಿ. ನಿಮ್ಮ ಹಿರೇರು ಹಾಡಬ್ಯಾಡ ಅಂದಿದ್ರಂತೆ. ನಮ್ಮಪ್ಪನೂ ಬಿಡ್ತಿದ್ದ, ನಾನೂ ಬಿಡ್ತೀನಿ, ಹೆಸರು ನಂಗೂ ಗೊತ್ತಿಲ್ರಿ. ಆ ಹೆಣ್ಣುಮಗಳು ಉಡಿಕಿಯಾಗಿ ಗುತ್ತೂರಿಗೆ ಹೋದ್ಲಂತೆ. ಅಲ್ಲಿಂದ ಮುಂದೆ ಆ ಮನೆ ಹೆಳವ ಹಾಡಬೇಕ್ರಿ. ನಮ್ಮ ಭಾವನೇ ಅದಾನೆ, ಫೋನ್ ಹಚ್ಚಲಾ?"

ಉಡಿಕೆ ಎಂದರೆ ಗಂಡ ಸತ್ತವಳ ಎರಡನೆಯ ಮದುವೆ. ಹಿರಿಯರು ಆ ಸಾಲನ್ನು ಯಾಕೆ ಬಿಡಿಸಿದರೆಂದು ಆಗ ನನಗೆ ಅರ್ಧ ತಿಳಿಯಿತು. ಸಾವಿಗೂ ಮೊದಲು ಅವಳಿಗೆ ಒಂದು ಸಂಸಾರ ಸಿಕ್ಕಿತ್ತಲ್ಲ ಎಂದು ಸಮಾಧಾನವೂ ಆಯಿತು.

ಭಾವನ ಹಾಡು ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಬಂತು. ಸಂಜೆ ಅಮ್ಮನೂ ನಾನೂ ಮಾಳಿಗೆಯ ಮೇಲೆ ಚಾಪೆ ಹಾಸಿ ಕೇಳಿದೆವು. ಗೊತ್ತಿಲ್ಲದ ಮನೆತನ, ಗೊತ್ತಿಲ್ಲದ ಜನ, ಹೊಳೆದಂಡೆಯ ಹೊಲ. ಕೊನೆಯ ಹತ್ತಿರ, ದಾವಣಗೆರೆ ಸೀಮೆಯಿಂದ ತಂದ ಉಡಿಕೆಯ ಸೊಸೆ, ಮಕ್ಕಳು ಮೊಮ್ಮಕ್ಕಳ ನಡುವೆ ಬಾಳುತಾಳೆ ಎಂದು ಬಂತು. ಹೆಸರಿರಲಿಲ್ಲ. ಹಾಡಿನಲ್ಲಿ ಸೊಸೆಯರಿಗೆ ಊರಷ್ಟೇ. ಆದರೆ ಅಮ್ಮ ನನ್ನ ಮೊಣಕೈ ಹಿಡಿದಳು. "ಬಾಳುತಾಳೆ ಅಂದ ಅಲ್ವಾ?"

ಫೋನ್ ಮಾಡಿ ಕೇಳಿದೆ. "ಹಾಡಿನಾಗೆ ಬಾಳುತಾಳೆ ಅಂದ್ರೆ ಅದಾರೆ ಅಂತ್ಲೇರಿ. ಹೋದೋರಿಗೆ ಬ್ಯಾರೆ ಮಾತೈತೆ" ಎಂದ ಆ ಹೆಳವ.

ಅಮ್ಮ ಮುಖ ಮುಚ್ಚಿಕೊಂಡಳು. "ಜೀವ ಇದ್ದೋರಿಗೆ ಎಡೆ ಇಟ್ನಲ್ಲೇ! ಎಂಥಾ ಪಾಪ ಮಾಡಿದೆ!"

"ಸತ್ತರು ಅಂತ ಸುದ್ದಿಯಾದ್ರೆ ಆಯುಷ್ಯ ಹೆಚ್ಚತ್ತಂತೆ. ನೀನೇ ಅವರನ್ನ ಇಷ್ಟು ವರ್ಷ ಬದುಕಿಸಿದ್ದು ನೋಡು" ಎಂದೆ. ಅವಳು ನಗಲಿಲ್ಲ. ಹೋಗಿ ಕ್ಷಮೆ ಕೇಳಬೇಕು, ಹೆಸರೂ ಕೇಳಬೇಕು ಎಂದು ಹಟ ಹಿಡಿದಳು.

ಹರಿಹರದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದೆ. ಒದ್ದೆ ಕಾಲಿನ ಆ ಹುಡುಗಿ ಕನಸಿನಲ್ಲಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಹರಿಹರದಿಂದ ಆಟೋ ಹಿಡಿದೆವು. ಗುತ್ತೂರಿನಲ್ಲಿ ಹೆಳವ ಗುರುತು ಹೇಳಿದ್ದ ಮನೆಯಲ್ಲಿ ಗಂಡಸರು ಫ್ಯಾಕ್ಟರಿಗೆ, ಹೊಲಕ್ಕೆ ಹೋಗಿದ್ದರು. ಜಗುಲಿಯ ಮೇಲೆ ಒಬ್ಬಳು ಮುದುಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಜ್ಜನದೇ ಮೂಗು. "ಯಾರ್ರವ್ವ, ಬರ್ರಿ, ಕೂಡ್ರಿ" ಎಂದಳು.

ಅಮ್ಮ ಕೂರಲಿಲ್ಲ. ನಾವು ಯಾರೆಂದು ಹೇಳಿದಳು, ಕಾಲು ಮುಟ್ಟಿದಳು, ಎಡೆಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ ಅಳತೊಡಗಿದಳು. ಮುದುಕಿ ಬೀಜದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಈ ಮನೆಗೆ ಬಂದಾಗ ಅಪ್ಪ ಸಿಟ್ಟಿಗೆದ್ದು ಎಳ್ಳುನೀರು ಬಿಟ್ಟ, ಎಡೆ ಇಟ್ಟ ಅಂತ ಕೇಳಿದ್ದೆ. ಅಷ್ಟಕ್ಕೇ ಮುಗೀತು ಅನ್ಕಂಡಿದ್ದೆ." ಆಮೇಲೆ ಅಮ್ಮನ ಕಡೆ ತಿರುಗಿದಳು. "ಏನೇನು ಬಡಿಸ್ತಿದ್ದಿ?"

ಅಮ್ಮ ಮೂಗು ಒರೆಸಿಕೊಂಡು ಹೇಳಿದಳು. ಕರಿಗಡುಬು, ಅನ್ನ, ಸಾರು, ಬದನೆಕಾಯಿ ಪಲ್ಯ.

"ಕಡುಬಿಗೆ ತುಪ್ಪ?"

"ಹಾಕ್ತಿದ್ದೆ ಅತ್ತೆ."

"ತವರಿಂದ ಒಂದು ತುತ್ತೂ ಬರಲ್ಲ ಅಂತ ಹೊಳಿ ದಂಡ್ಯಾಗೆ ಕೂತು ಎಷ್ಟು ಅತ್ತೀನಿ ಗೊತ್ತಾ. ಬರ್ತಿತ್ತು, ನಂಗೆ ತಿಳೀಲಿಲ್ಲ" ಎಂದಳು. ಸಿಟ್ಟಿನಲ್ಲಿ ಹಾಕಿದ ಎಲೆಯನ್ನು ನಮ್ಮ ಮನೆಯ ಸೊಸೆಯರು, ಕಾರಣ ತಿಳಿಯದೆ, ಪ್ರೀತಿಯಿಂದ ತುಂಬುತ್ತಾ ಬಂದಿದ್ದರು. ನನಗೂ ಅಳು ಬಂತು. ಮುಚ್ಚಿಟ್ಟುಕೊಳ್ಳಲು ಹೋಗಲಿಲ್ಲ.

"ಇನ್ನು ಇಡಲ್ಲ ಅತ್ತೆ" ಎಂದಳು ಅಮ್ಮ.

"ಈಗ ಬ್ಯಾಡ. ನಾನು ಹೋದ ಮ್ಯಾಲೆ ಇಡು. ಇಲ್ಲಿ ನನ್ನ ಮಕ್ಕಳು ಇಟ್ಟೇ ಇಡ್ತಾರೆ, ಆದ್ರೂ ಅಲ್ಲಿಗೂ ಒಂದು ಸಲ ಬರ್ತೀನಿ."

"ಏನಂತ ಕರೀಲಿ?"

ಮುದುಕಿ ನಾಚಿಕೊಂಡಳು. ಈ ಊರಲ್ಲಿ ಅವಳಿಗಿರುವುದು ಉಡಿಕೆಯ ದಿನ ಇಟ್ಟ ಹೆಸರು, ಆಧಾರ್ ಕಾರ್ಡಿನಲ್ಲಿ ಇರುವುದೂ ಅದೇ. ಅಪ್ಪ ಇಟ್ಟ ಹೆಸರನ್ನು ಮಕ್ಕಳೂ ಕೇಳಿಲ್ಲವಂತೆ. ಅಮ್ಮನ ಕಿವಿಗೆ ಬಗ್ಗಿ ಅದನ್ನು ಹೇಳಿದಳು.

ಅಮ್ಮ ಎರಡು ಸಲ ತುಟಿಯಲ್ಲೇ ಅಂದುಕೊಂಡು ನೋಡಿದಳು. ಆಮೇಲೆ ಒಮ್ಮೆ ಗಟ್ಟಿಯಾಗಿ, ಮನೆಯೊಳಗಿಂದ ಹಿತ್ತಿಲಿನವರನ್ನು ಕರೆಯುವ ಹಾಗೆ, ಆ ಹೆಸರು ಹಿಡಿದು ಕರೆದಳು.

"ಓ" ಎಂದಳು ಮುದುಕಿ.